ಆಂಬುಲೆನ್ಸ್ ಡ್ಯೂಟಿ ಚಾರ್ಟ್: ಖಾಲಿ ಬೀಳುವ ಶಿಫ್ಟ್ ಮೊದಲೇ ತಿಳಿಯೋದು ಹೇಗೆ?

ಮೂಡಿಗೆರೆ_ಚಾರ್ಟ್:
ಟ್ರಸ್ಟ್ ಆಂಬುಲೆನ್ಸ್. ಗಾಡಿ ಒಂದು, ಇಎಂಟಿ (ಗಾಡಿಯಲ್ಲಿ ರೋಗಿಗೆ ತುರ್ತು ಚಿಕಿತ್ಸೆ ಕೊಡೋರು) ಮೂವರು, ಪೈಲಟ್ (ಗಾಡಿ ಓಡಿಸೋರು) ಮೂವರು. ಬೆಳಿಗ್ಗೆ 8ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ಸದ್ಯಕ್ಕೆ ಹಾಜರಿ ಪುಸ್ತಕ, ವಾಟ್ಸಾಪ್ ಗುಂಪು ಎರಡೇ. ಅದಲು ಬದಲು ಮಾಡ್ಕೊಂಡಿದ್ದು ಗುಂಪಿನ ಮೆಸೇಜುಗಳಲ್ಲಿ ಕಳೆದುಹೋಗುತ್ತೆ. ಯಾವ ರಾತ್ರಿ ಜನ ಇಲ್ಲ ಅಂತ ಒಂದು ವಾರ ಮುಂಚೆ ಗೊತ್ತಾಗಬೇಕು. ಗೂಗಲ್ ಶೀಟ್ ಸಾಕಾ? ಕೊಟ್ಟಿಗೆಹಾರದ ಕಡೆ ನೆಟ್‌ವರ್ಕ್ ಹೋದಾಗ ಏನು ಮಾಡೋದು?

ಹಾಸನ_ರೋಸ್ಟರ್:
ಶೀಟ್ ಸಾಕು ಸರ್, ಆದ್ರೆ ಮೊದಲು ಜನರ ಲೆಕ್ಕ ನೋಡಿ. ವಾರಕ್ಕೆ 168 ಗಂಟೆ. ಒಬ್ಬರಿಗೆ 48 ಗಂಟೆ ಅಂದ್ರೂ ಒಂದು ಹುದ್ದೆಗೆ 3.5 ಜನ ಬೇಕು, ಅದೂ ರಜೆ ಹಿಡಿಯದೆ. ಮೂವರಿದ್ದರೆ ತಲಾ 56 ಗಂಟೆ. ಒಬ್ಬರು ಜ್ವರ ಅಂತ ಮಲಗಿದ್ರೆ ಉಳಿದವರಿಗೆ 84. ಯಾವ ಶೀಟೂ ಇದನ್ನ ಸರಿ ಮಾಡಲ್ಲ. ನಾಲ್ಕನೆಯವರನ್ನ ಹುಡುಕಿ, ಆಗದಿದ್ರೆ ಒಬ್ಬೊಬ್ಬ ರಿಲೀವರ್ (ಕರೆದಾಗ ಬದಲಿಗೆ ಬರೋರು) ಹೆಸರಾದ್ರೂ ಚಾರ್ಟ್‌ನಲ್ಲಿ ಇರಲಿ.

ಶೀಟ್‌ನಲ್ಲಿ ಮನುಷ್ಯನಿಗೊಂದು ಸಾಲು ಬೇಡ, ಶಿಫ್ಟಿಗೊಂದು ಸಾಲು ಹಾಕಿ. ಹಾಜರಿಯಲ್ಲಿ ಬಂದವರು ಕಾಣ್ತಾರೆ, ಯಾರೂ ಇಲ್ಲದ ಶಿಫ್ಟ್ ಕಾಣಲ್ಲ. ಇಎಂಟಿ, ಪೈಲಟ್, ಗಾಡಿ ಮೂರೂ ಇದ್ರೆ ಮಾತ್ರ ಭರ್ತಿ. ಇಬ್ಬರೂ ಸಹಿ ಹಾಕಿ ಗಾಡಿ ಗ್ಯಾರೇಜ್‌ನಲ್ಲಿದ್ರೆ ಆ ಶಿಫ್ಟ್ ಖಾಲಿ. ಮೂರರಲ್ಲಿ ಒಂದು ಖಾಲಿಯಿದ್ರೂ ಸಾಲು ಕೆಂಪಾಗುವ ಹಾಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಕೊಡಿ, ಮುಂದಿನ ಹದಿನಾಲ್ಕು ದಿನದ ಸಾಲು ಯಾವಾಗಲೂ ತೆರೆದಿರಲಿ.

ಹೆಸರು ಡ್ರಾಪ್‌ಡೌನ್‌ನಿಂದಲೇ ಬರಲಿ. ಕೈಯಲ್ಲಿ ಟೈಪ್ ಮಾಡಿದ್ರೆ "ಮಂಜು", "ಮಂಜುನಾಥ" ಇಬ್ಬರಾಗಿ ಗಂಟೆ ಲೆಕ್ಕ ಕೆಡುತ್ತೆ. ಶೀಟ್ ಸೆಟ್ಟಿಂಗ್‌ನಲ್ಲಿ ಲೊಕೇಲ್ (ದೇಶ) ಇಂಡಿಯಾ ಇಡಿ, ಇಲ್ಲಾಂದ್ರೆ ಆಗಸ್ಟ್ 7 ಅಂತ ಹಾಕಿದ 7/8 ಜುಲೈ 8 ಆಗಬಹುದು. ರಾತ್ರಿ ಶಿಫ್ಟನ್ನ ಶುರುವಾದ ದಿನಾಂಕಕ್ಕೇ ಬರೀರಿ.

ಆಲೂರು_ಇಎಂಟಿ:
ಶಿಫ್ಟ್ ಮುಗಿಯಬೇಕಾದ ಹೊತ್ತು ಬೇರೆ, ನಿಜವಾಗಿ ಮುಗಿದ ಹೊತ್ತು ಬೇರೆ. ಎರಡಕ್ಕೂ ಕಾಲಂ ಬೇಕು. ರಾತ್ರಿ 7:40ಕ್ಕೆ ಕೇಸ್ ಬಂದು ಚಿಕ್ಕಮಗಳೂರಿಗೆ ಹೋದ್ರೆ ರೋಗಿಯನ್ನ ಒಪ್ಪಿಸಿ, ಸ್ಟ್ರೆಚರ್ ವಾಪಸ್ ತಗೊಂಡು, ಗಾಡಿ ಒರೆಸಿ ಬೇಸ್‌ಗೆ ಬರೋಷ್ಟರಲ್ಲಿ 11. ಅಲ್ಲೀತನಕ ರಾತ್ರಿಯ ಜೋಡಿ ಗಾಡಿ ಇಲ್ಲದೆ ಕೂತಿರುತ್ತೆ, ಚಾರ್ಟ್ ಮಾತ್ರ ಭರ್ತಿ ಅನ್ನುತ್ತೆ. ಆ ಹಗಲಿನವರೇ ಮತ್ತೆ ಬೆಳಿಗ್ಗೆ 8ಕ್ಕೆ ಬಂದ್ರೆ ಸಿಕ್ಕ ವಿಶ್ರಾಂತಿ 9 ಗಂಟೆ. ಊಟ, ದಾರಿ ಕಳೆದ್ರೆ ನಿದ್ದೆ ಎಷ್ಟು ಉಳೀತು? ಘಾಟಿ ರಸ್ತೇಲಿ ಗಾಡಿ ಓಡಿಸೋರಿಗೆ ಇದು ಸಣ್ಣ ವಿಷಯ ಅಲ್ಲ. 10 ಗಂಟೆಗಿಂತ ಕಮ್ಮಿ ಬಂದ್ರೆ ಹಳದಿ ಆಗೋ ಹಾಗೆ ಮಾಡಿ, ರಿಲೀವರ್‌ಗೆ ಫೋನ್ ಹಚ್ಚಿ.

ಸಕಲೇಶಪುರ_ಪೈಲಟ್:
ನೆಟ್‌ವರ್ಕ್ ವಿಚಾರಕ್ಕೆ: ಶನಿವಾರ ಶೀಟ್ ಪ್ರಿಂಟ್ ತೆಗೆದು ಬೇಸ್ ಗೋಡೆಗೆ ಅಂಟಿಸಿ. ಬದಲಾವಣೆ ಬೇಕಾದೋರು ರಿಜಿಸ್ಟರ್‌ನಲ್ಲಿ ಬರೀಲಿ, ಬಿಡೋರು ಬರೋರು ಇಬ್ಬರೂ ಸಹಿ ಹಾಕಿದ್ರೆ ಮಾತ್ರ ಲೆಕ್ಕಕ್ಕೆ. ಶೀಟ್‌ಗೆ ಏರಿಸೋದು ಒಬ್ಬರೇ. ಅವರಿಗೆ ಎಸ್‌ಎಂಎಸ್‌ನಲ್ಲಿ ತಿಳಿಸಿ, ಡೇಟಾ ಸಿಗದ ಕಡೆಯೂ ಅದು ಎಷ್ಟೋ ಸಲ ಹೋಗುತ್ತೆ.

ಮಳೆಗಾಲಕ್ಕೆ ರಿಲೀವರ್ ಘಾಟಿ ಮೇಲಿನವರೇ ಆಗಿರಲಿ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದ್ರೆ ಕೆಳಗಿನ ಉಜಿರೆ ಕಡೆಯವರು ಬರೋಕೆ ಆಗಲ್ಲ.

ಆನೆ ಓಡಾಡೋ ಕಡೆ ಬೈಕಲ್ಲಿ ಬರೋರಿದ್ರೆ ಹಗಲು 7ರಿಂದ 6, ರಾತ್ರಿ 6ರಿಂದ 7 ಮಾಡಿ ನೋಡಿ. ಬೆಳಕಿರುವಾಗಲೇ ಬೇಸ್ ಸೇರಬಹುದು. 11 ಗಂಟೆ, 13 ಗಂಟೆ ಆಗೋದ್ರಿಂದ ಶಿಫ್ಟ್ ಎಣಿಸದೆ ಗಂಟೆ ಕೂಡಿಸಬೇಕು. ರಾತ್ರಿ ಉದ್ದ ಆಗುತ್ತೆ, ಸತತ ಎರಡಕ್ಕಿಂತ ಹೆಚ್ಚು ಕೊಡಬೇಡಿ.

ಮೂಡಿಗೆರೆ_ಚಾರ್ಟ್:
ಶಿಫ್ಟಿಗೊಂದು ಸಾಲು ಅನ್ನೋದು ಹೊಳೆದಿರಲಿಲ್ಲ. ಗಾಡಿ ಕಾಲಂನಲ್ಲಿ ಆಕ್ಸಿಜನ್ನೂ ಬರೀಬೇಕಾ?

ಆಲೂರು_ಇಎಂಟಿ:
ಬರೀಲೇಬೇಕು. ಬಿ ಟೈಪ್ ಸಿಲಿಂಡರ್ ತುಂಬಿದ್ರೆ ಸುಮಾರು 1500 ಲೀಟರ್. ಮೀಟರ್ ಮುಳ್ಳು ಅರ್ಧಕ್ಕಿದ್ರೆ 750. ನಿಮಿಷಕ್ಕೆ 10 ಲೀಟರ್ ಬಿಟ್ರೆ 75 ನಿಮಿಷ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸಾಕು, ಚಾರ್ಮಾಡಿ ಇಳಿದು ಮಂಗಳೂರಿಗೆ ಸಾಲಲ್ಲ. ಅರ್ಧಕ್ಕಿಂತ ಕೆಳಗಿದ್ರೆ ಬದಲಿಸಿ, ಆಮೇಲೆ ಚಾರ್ಜ್ ತಗೊಂಡ ಸಹಿ ಹಾಕಿ.