ಅಮ್ಮನಿಗೆ ಕಾರ್ಕಳದ ಬೆಟ್ಟ ಸುಲಭ, ಮನೆಯ ಉಪ್ಪರಿಗೆ ಕಷ್ಟ. ಯಾಕೆ?

ಉಡುಪಿಯವ: ಮೊನ್ನೆ ಭಾನುವಾರ ಅಮ್ಮನನ್ನು ಕಾರ್ಕಳಕ್ಕೆ ಕರ್ಕೊಂಡು ಹೋಗಿದ್ದೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿಯನ್ನು ಅವರು ನೋಡದೆ ಎಷ್ಟೋ ವರ್ಷ ಆಗಿತ್ತು. ಮೊಣಕಾಲು ನೋವು, ಹತ್ತುವುದು ಬೇಡ ಅಂದರೆ ಕೇಳಲಿಲ್ಲ. ಬಂಡೆಯಲ್ಲೇ ಕಡಿದ ಮೆಟ್ಟಿಲು ಬರಿಗಾಲಲ್ಲಿ, ನಿಂತು ನಿಂತು, ಪೂರ್ತಿ ಹತ್ತಿದರು. ಅದೇ ಅಮ್ಮ ಮನೆಯ ಉಪ್ಪರಿಗೆಗೆ ಹೋಗಲು ಗೋಡೆ ಹಿಡಿದು ಒದ್ದಾಡುತ್ತಾರೆ. ಯಾಕೆ ಹೀಗೆ? ಈಗ ಅವರಿಗೆ ಬೇರೆ ಊರಿನ ಮೆಟ್ಟಿಲುಗಳ ಬಗ್ಗೆಯೂ ಕುತೂಹಲ, ಗೊತ್ತಿದ್ದವರು ಹೇಳಿ.

ಮೇಸ್ತ್ರಿ, ಸುರತ್ಕಲ್: ಮೊದಲು ಮನೆಯ ಮೆಟ್ಟಿಲಿಗೆ ಟೇಪ್ ಹಿಡಿಯಿರಿ ಮಾರಾಯ್ರೆ. ಎತ್ತರದ ಎರಡು ಪಾಲಿಗೆ ಕಾಲಿಡುವ ಅಗಲ ಸೇರಿಸಿದರೆ 24, 25 ಇಂಚು ಬರಬೇಕು. ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲಾಂಡೆಲ್ 17ನೇ ಶತಮಾನದಲ್ಲಿ ಹೇಳಿದ ಲೆಕ್ಕ ಇದಕ್ಕೆ ಮೂಲ. 6 ಇಂಚು ಎತ್ತರ, 1 ಅಡಿ ಅಗಲ ಇದ್ದರೆ ವಯಸ್ಸಾದವರಿಗೆ ಸುಖ. ಜಾಗ ಉಳಿಸಲು ಎತ್ತರ ಜಾಸ್ತಿ ಮಾಡಿದರೆ ಪೂರ್ತಿ ಭಾರ ಮೊಣಕಾಲಿಗೇ ಬೀಳುತ್ತದೆ. ಕೆಳಗಿನ ಮೊದಲ ಮೆಟ್ಟಿಲನ್ನು ಬೇರೆಯಾಗಿ ಅಳೆಯಿರಿ. ಮೆಟ್ಟಿಲು ಕಟ್ಟಿ ಆದಮೇಲೆ ನೆಲಕ್ಕೆ ಟೈಲ್ಸ್ ಹಾಕಿದರೆ ಅದೊಂದು ಗಿಡ್ಡ ಆಗುತ್ತದೆ, ಇಳಿಯುವಾಗ ಎಡವುವುದು ಅಲ್ಲೇ.

ಹಡಗಿನಲ್ಲಿದ್ದವ: ಕೆಲಸದಲ್ಲಿದ್ದಾಗ ಉಕ್ರೇನಿನ ಒಡೆಸ್ಸಾ ಬಂದರಿನಲ್ಲಿ ಪೊಟೆಮ್ಕಿನ್ ಮೆಟ್ಟಿಲು ಹತ್ತಿದ್ದೇನೆ. 192 ಮೆಟ್ಟಿಲು. ಕೆಳಗಡೆ ಸುಮಾರು 21.7 ಮೀಟರ್ ಅಗಲ, ಮೇಲೆ ಹೋಗುತ್ತಾ 12.5ಕ್ಕೆ ಇಳಿಯುತ್ತದೆ, ಹಾಗಾಗಿ ಕೆಳಗಿನಿಂದ ನೋಡಿದರೆ ಇರುವುದಕ್ಕಿಂತ ಉದ್ದ ಕಾಣುತ್ತದೆ. ಮೇಲೆ ನಿಂತು ಕೆಳಗೆ ನೋಡಿದೆ, ಮೆಟ್ಟಿಲೇ ಇಲ್ಲ! ನಡುನಡುವಿನ ಸಮತಟ್ಟು ಜಾಗ ಮಾತ್ರ ಕಾಣುತ್ತದೆ. ಸುಸ್ತಾದವರು ನಿಲ್ಲುವುದೂ ಅಲ್ಲೇ. ಅಮ್ಮನವರು ಕಾರ್ಕಳದಲ್ಲಿ ನಿಂತು ನಿಂತು ಹತ್ತಿದರು ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ.

ಮಣಿಪಾಲದಿಂದ: ರಾಜಸ್ಥಾನದ ಆಭಾನೇರಿಯ ಚಾಂದ್ ಬಾವಡಿಗೆ ಕರ್ಕೊಂಡು ಹೋಗಿ, ಅದು ಮೆಟ್ಟಿಲು ಇಳಿದು ನೀರು ತರುವ ಹಳೆಯ ಬಾವಿ. ಸುಮಾರು 3,500 ಮೆಟ್ಟಿಲು, 13 ಅಂತಸ್ತು, ಮೇಲೆ ನಿಂತು ನೋಡಿದರೇ ಸಾಕು. ಅಲ್ಲಿ ಬೇಸಗೆಯಲ್ಲಿ ನೀರು ತುಂಬಾ ಕೆಳಗೆ ಹೋಗುತ್ತಿತ್ತು, ಜನ ಕೊಡ ಹಿಡಿದು ನೀರಿದ್ದಲ್ಲಿಗೇ ಇಳಿಯಬೇಕಿತ್ತು. ಬಾವಿಗೆ ರಾಟೆ ಹಗ್ಗ ಕಟ್ಟಿ ನೀರು ಸೇದಿದ ನಮ್ಮ ಅಮ್ಮಂದಿರಿಗೆ ಅದನ್ನು ನೋಡಿದರೆ ಬೇಗ ಅರ್ಥವಾಗುತ್ತದೆ.

ಉಡುಪಿಯವ: ಈಗಷ್ಟೇ ಅಳೆದೆ. ಎತ್ತರ ಎಂಟೂವರೆ ಇಂಚು, ಅಗಲ 9. ಕೆಳಗಿನದ್ದು ಮಾತ್ರ ಆರೂವರೆ. ಅಮ್ಮ ಎರಡು ಸಲ ಬಿದ್ದದ್ದು ಅಲ್ಲೇ. ಮೇಸ್ತ್ರಿಯವರೇ, ಒಡೆಯದೆ ಸರಿ ಮಾಡಲು ಆಗುತ್ತದಾ?