ಮನೆಯ ಹೀಟಿಂಗ್-ಎಸಿ ಕಂಟ್ರೋಲ್ ಮಾಡೋ ಥರ್ಮೋಸ್ಟ್ಯಾಟ್ ಬದಲಾಯಿಸ್ಬೇಕು, ಸಿ ವೈರ್ (ಅದಕ್ಕೆ ಸದಾ ಕರೆಂಟ್ ಸಿಗೋಕೆ ಬೇಕಾದ ವಾಪಸ್ ವೈರ್) ಎಲ್ಲಿಂದ ತರ್ಲಿ? ಮಾಡಿರೋರು ಹೇಳಿ

ನೀಲಿತಂತಿ: ಹಳೇದ್ರಲ್ಲಿ ಆರ್ (ಕರೆಂಟ್), ಡಬ್ಲ್ಯೂ (ಹೀಟಿಂಗ್), ವೈ (ಕೂಲಿಂಗ್), ಜಿ (ಫ್ಯಾನ್) ನಾಲ್ಕೇ ವೈರು, ಆರ್‌ಎಚ್-ಆರ್‌ಸಿ (ಹೀಟಿಂಗಿನ, ಕೂಲಿಂಗಿನ ಕರೆಂಟ್ ಸ್ಕ್ರೂಗಳು) ಮಧ್ಯೆ ಒಂದು ಜಂಪರ್, ಅಂದ್ರೆ ಎರಡನ್ನೂ ಸೇರಿಸೋ ತುಂಡು ವೈರ್. ಮನೆ ಬಿಸಿ ಮಾಡೋಕೆ ಗ್ಯಾಸ್ ಫರ್ನೇಸ್, ಹೊರಗೆ ಎಸಿ. ಹೊಸ ವೈಫೈದು ಸಿ ಕೇಳ್ತಿದೆ. ಗೋಡೆ ಒಳಗೆ ನೀಲಿ ವೈರೊಂದು ಸುಮ್ನೆ ಮಡಚಿಟ್ಟಿದಾರೆ, ಅದನ್ನೇ ಹಾಕ್ಬಿಡ್ಲಾ?

ಫ್ಯೂಸ್‌ಪುರಾಣ: ಬಣ್ಣ ನಂಬ್ಬೇಡಿ ಸರ್. ನಮ್ಮನೇಲಿ ಹಳದಿ ಜಿ ಗೆ, ಹಸಿರು ವೈ ಗೆ ಹೋಗಿತ್ತು, ಯಾವ ಪುಣ್ಯಾತ್ಮ ಎಳೆದಿದ್ನೋ. ಕರೆಸಿದ ಮೆಕ್ಯಾನಿಕ್ ಬ್ರೇಕರ್ ಆಫ್ ಮಾಡೋ ಗೋಜಿಗೇ ಹೋಗ್ಲಿಲ್ಲ, ಸಿ ವೈರಿನ ತುದಿ ಆರ್‌ಗೆ ತಾಗ್ತು, ಚಟ್ ಅಂತು, ಎಲ್ಲಾ ಬಂದ್. ಆಮೇಲೆ ಫರ್ನೇಸಿನ ಕಂಟ್ರೋಲ್ ಬೋರ್ಡೇ ಹೋಗಿದೆ ಅಂತ ಹೊಸ ಬೋರ್ಡಿಗೆ ಕೊಟೇಶನ್ ಬೇರೆ! ಇನ್ನೊಬ್ರನ್ನ ಕರೆಸಿದ್ರೆ ಅವ್ರು ಬೋರ್ಡ್ ಮೇಲಿದ್ದ 3 ಆಂಪ್ ಫ್ಯೂಸ್ ಕಿತ್ತು ಕೈಗಿಟ್ರು, ಕಾರಲ್ಲಿ ಹಾಕೋ ಥರದ್ದೇ ಪುಟಾಣಿ ಫ್ಯೂಸು. ಚಿಲ್ರೆ ಕಾಸಿನ ಸಾಮಾನು, ಇಬ್ರ ವಿಸಿಟ್ ಚಾರ್ಜ್ ಸೇರಿ ಥರ್ಮೋಸ್ಟ್ಯಾಟಿಗಿಂತ ಜಾಸ್ತಿ ಆಯ್ತು. ಮೊದಲನೆಯವ್ನು ಇವತ್ತಿಗೂ ದುಡ್ಡು ವಾಪಸ್ ಕೊಟ್ಟಿಲ್ಲ.

ಜುಗಾಡ್‌ರಾಯ: ಸಿ ಗೋಸ್ಕರ ಇಷ್ಟು ರಾಮಾಯಣ ಯಾಕ್ರೀ. ನಾನು ಜಿ ವೈರನ್ನೇ ಸಿ ಮಾಡ್ಕೊಂಡೆ, ಫರ್ನೇಸ್ ಕಡೆ ವೈ-ಜಿ ಮಧ್ಯೆ ಒಂದು ಜಂಪರ್. ಎಸಿ ಆನ್ ಆದ್ರೆ ಫ್ಯಾನೂ ಓಡುತ್ತೆ, ಹೀಟಿಂಗಲ್ಲಿ ಬೋರ್ಡೇ ಓಡಿಸ್ಕೊಳ್ಳುತ್ತೆ. ಒಂದು ಪೈಸೆ ಖರ್ಚಿಲ್ಲ.

ಫ್ಯೂಸ್‌ಪುರಾಣ: ಬರೀ ಫ್ಯಾನ್ ಬೇಕು ಅಂದ್ರೆ?

ಜುಗಾಡ್‌ರಾಯ: ಕಿಟಕಿ ತೆಗೀರಿ.

ಫ್ಯೂಸ್‌ಪುರಾಣ: ಸ್ಮಾರ್ಟ್ ಥರ್ಮೋಸ್ಟ್ಯಾಟ್ ತಗೊಂಡು ಕಿಟಕಿ ತೆಗೆಯೋದು, ಭೇಷ್. ಎಲೆಕ್ಟ್ರಿಕ್ ಫರ್ನೇಸ್ ಇರೋರು ಇದನ್ನ ಓದಿ ಹಂಗೇ ಮಾಡಿದ್ರೆ ಹೀಟಿಂಗಲ್ಲಿ ಫ್ಯಾನೇ ಬರ್ದೇ ಇರ್ಬಹುದು, ಅದನ್ನೂ ಬರೀರಿ.

ಹೀಟ್‌ಪಂಪ್‌ಸಂತ್ರಸ್ತೆ: ನೀವೆಲ್ಲ ಸಿ ಸಿ ಅಂತಿದೀರ, ನಿಜವಾದ ತಲೆನೋವು ಓ/ಬಿ, ಹೀಟ್ ಪಂಪನ್ನ (ಬಿಸಿನೂ ತಂಪೂ ಎರಡೂ ಮಾಡೋ ಎಸಿ ಥರದ್ದು) ಹೀಟಿಂಗ್-ಕೂಲಿಂಗ್ ಮಧ್ಯೆ ತಿರುಗಿಸೋ ವೈರು. ನಮ್ಮಲ್ಲಿ ಓ ವೈರಿಗೆ ಕೂಲಿಂಗಲ್ಲಿ ಕರೆಂಟ್ ಬರ್ಬೇಕು, ಹಾಕೋಕೆ ಬಂದವ್ನು ಸೆಟ್ಟಿಂಗ್ ಉಲ್ಟಾ ಇಟ್ಟು ಹೋದ. ಹೀಟ್ ಕೇಳಿದ್ರೆ ಹೊರಗಿನ ಯೂನಿಟ್ ಮನೇನ ತಣ್ಣಗೆ ಮಾಡೋದು, ಅದನ್ನ ಬಿಸಿ ಮಾಡೋಕೆ ಆಕ್ಸಿಲರಿ ಕಾಯಿಲ್ (ಹೆಚ್ಚುವರಿ ಕರೆಂಟ್ ಹೀಟರ್) ಹಗಲೂ ರಾತ್ರಿ ಉರಿಯೋದು. ಮನೆ ಬೆಚ್ಚಗೇ ಇತ್ತಲ್ಲ, ಯಾರಿಗ್ ಗೊತ್ತಾಗುತ್ತೆ? ಬಿಲ್ ಬಂದಾಗ ಗೊತ್ತಾಯ್ತು. ಚಳಿಗಾಲದ ಬಿಲ್ಲೆಲ್ಲಾ ಫೈಲ್ ಮಾಡಿಟ್ಟಿದೀನಿ, ಆ ಕಂಪನಿಯವ್ರು ಫೋನೇ ಎತ್ತಲ್ಲ.

ಜುಗಾಡ್‌ರಾಯ: ಮೇಡಂ, ಅವ್ರದ್ದು ಗ್ಯಾಸ್ ಫರ್ನೇಸು, ಮೇಲೇ ಬರ್ದಿದಾರೆ. ಓ/ಬಿ ಎಲ್ಲಿಂದ ಬಂತು?

ಹೀಟ್‌ಪಂಪ್‌ಸಂತ್ರಸ್ತೆ: ಓದೋರು ಅವ್ರೊಬ್ರೇ ಅಲ್ವಲ್ಲ. ನಿಮ್ಮ ಜುಗಾಡ್ ಕೂಡ ಅವ್ರು ಕೇಳಿರ್ಲಿಲ್ಲ.

ಹಳೇಗಡಿಯಾರ: ದಪ್ಪ ದಪ್ಪ ವೈರ್ ಎರಡೇ ಇದ್ರೆ ಮುಟ್ಲೇಬೇಡಿ, ಅದು ಸಾಮಾನ್ಯವಾಗಿ ಗೋಡೆ ಬುಡದಲ್ಲಿರೋ ಬೇಸ್‌ಬೋರ್ಡ್ ಹೀಟರಿನ 240 ವೋಲ್ಟ್ ಲೈನು. ಈ ಥರ ಸಿ ಕೇಳೋ ವೈಫೈ ಥರ್ಮೋಸ್ಟ್ಯಾಟು 24 ವೋಲ್ಟಿನವು, ಹಾಕಿದ್ರೆ ಸುಟ್ಟೇ ಹೋಗುತ್ತೆ. ನಾನಂತೂ ಪಾದರಸದ ಗುಂಡಿನ ಹಳೇದನ್ನೇ ಇಟ್ಕೊಂಡಿದೀನಿ. ಬ್ಯಾಟರಿ ಬೇಡ, ಪಾಸ್‌ವರ್ಡ್ ಬೇಡ.

ಫ್ಯೂಸ್‌ಪುರಾಣ: ಇಟ್ಕೊಳ್ಳಿ ಸ್ವಾಮಿ, ಬಿಸಾಕೋವಾಗ ಮಾತ್ರ ಕಸದ ಬುಟ್ಟಿಗೆ ಹಾಕ್ಬೇಡಿ, ಪಾದರಸ ವಿಷ.

ಹಳೇಗಡಿಯಾರ: ಬಿಸಾಕ್ತೀನಿ ಅಂತ ಯಾರ್ ಹೇಳಿದ್ರು?

ನೀಲಿತಂತಿ: ಫರ್ನೇಸ್ ಬಾಗಿಲು ತೆಗೆದು ನೋಡ್ದೆ. ನೀಲಿ ಅಲ್ಲೂ ಸುತ್ತಿ ಬಿಟ್ಟಿದ್ರು, ಯಾವುದಕ್ಕೂ ಸಿಕ್ಸಿರ್ಲಿಲ್ಲ. ಬ್ರೇಕರ್ ಆಫ್ ಮಾಡಿ ಬೋರ್ಡಲ್ಲಿ ಸಿ ಗೆ ಹಾಕ್ದೆ, ಆ ಸ್ಕ್ರೂನಲ್ಲಿ ಆಗ್ಲೇ ಹೊರಗಿನ ಎಸಿಯ ಒಂದು ವೈರ್ ಇತ್ತು, ಅದನ್ನ ಹಂಗೇ ಬಿಟ್ಟೆ. ಮತ್ತೆ ಆನ್ ಮಾಡಿ ಗೋಡೆ ಹತ್ರ ಆರ್-ಸಿ ಮಧ್ಯೆ ಮೀಟರ್ ಇಟ್ರೆ 26 ವೋಲ್ಟ್ ತೋರಿಸ್ತು. ಆ ಹಳೇ ಜಂಪರ್ ಹೊಸದಕ್ಕೂ ಬೇಕಾ?

ಜುಗಾಡ್‌ರಾಯ: 24 ವೋಲ್ಟ್ ಕೊಡೋ ಟ್ರಾನ್ಸ್‌ಫಾರ್ಮರ್ ಒಂದೇ ಇದ್ರೆ ಹೊಸದ್ರಲ್ಲಿ ಸಾಮಾನ್ಯವಾಗಿ ಒಳಗೇ ಜೋಡಿಸಿರ್ತಾರೆ, ಮ್ಯಾನ್ಯುಯಲ್ ನೋಡಿ. ಹೀಟಿಂಗಿಗೊಂದು ಕೂಲಿಂಗಿಗೊಂದು ಬೇರೆ ಬೇರೆ ಇದ್ರೆ ಮಾತ್ರ ಜಂಪರ್ ಇರ್ಲೇಬಾರ್ದು.

ಹೀಟ್‌ಪಂಪ್‌ಸಂತ್ರಸ್ತೆ: ಎರಡು ಟ್ರಾನ್ಸ್‌ಫಾರ್ಮರ್ ವಿಷ್ಯಾನೂ ಅವ್ರು ಕೇಳಿರ್ಲಿಲ್ಲ ಅಲ್ವಾ ಸಾರ್?