ಫ್ರೆಶ್ ಕಿಲ್ಸ್ ಪಕ್ಕದ ನೀರಲ್ಲಿ ಏಡಿ ಹಿಡಿದು ತಿನ್ನಬಹುದಾ?

ಏಡಿಪ್ರಿಯೆ:
ನಾವು ನ್ಯೂಜೆರ್ಸಿಯ ಐಸೆಲಿನ್‌ಗೆ ಬಂದು ಎರಡು ವರ್ಷ. ಮನೆಯವ್ರು ಕುಂದಾಪುರದೋರು, ಏಡಿ ಅಂದ್ರೆ ಪ್ರಾಣ. ಆರ್ಥರ್ ಕಿಲ್ ಅನ್ನೋ ಜಲಸಂಧಿಯ ದಡದಿಂದ ಎದುರಿಗೆ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನ ಹಸಿರು ಗುಡ್ಡಗಳು ಕಾಣ್ತವೆ, ಅದು ಫ್ರೆಶ್ ಕಿಲ್ಸ್ ಅನ್ನೋ ಹಳೇ ಕಸದ ರಾಶಿ ಅಂತ ಈಗ ಗೊತ್ತಾಯ್ತು. ಈಗ ಪಾರ್ಕ್ ಮಾಡ್ತಿದಾರಲ್ವಾ, ಹಾಗಾದ್ರೆ ನೀರು ಕ್ಲೀನ್ ಆಗಿದ್ಯಾ? ಇಲ್ಲೇ ಏಡಿ ಹಿಡೀಬಹುದಾ?

ಹಳೇ ವುಡ್‌ಬ್ರಿಜ್:
ದಯವಿಟ್ಟು ಹಿಡೀಬೇಡಿ. ನಾನು ಈ ಕಡೆಗೆ ಬಂದಾಗ ಆ ಡಂಪ್ ಇನ್ನೂ ನಡೀತಿತ್ತು, ಗಾಳಿ ತಿರುಗಿದ್ರೆ ಕಿಟಕಿ ಮುಚ್ಚಲೇಬೇಕು. 1948ರಲ್ಲಿ, ನ್ಯೂಯಾರ್ಕಿನ ರಸ್ತೆ, ಪಾರ್ಕ್ ಎಲ್ಲ ಕಟ್ಟಿಸಿದ ಅಧಿಕಾರಿ ರಾಬರ್ಟ್ ಮೋಸೆಸ್ ಕಾಲದಲ್ಲಿ ಶುರು ಮಾಡಿದ್ದು, ಬರೀ ಮೂರು ವರ್ಷಕ್ಕೆ ಅಂತ, ಆಗಿದ್ದು 53 ವರ್ಷ. 80ರ ದಶಕದಲ್ಲಿ ದಿನಕ್ಕೆ 29,000 ಟನ್ ತನಕ ಬಾರ್ಜ್‌ನಲ್ಲಿ ಬರ್ತಿತ್ತು, ನೀರಿಗೆ ಬಿದ್ದ ಕಸ ತೇಲ್ಕೊಂಡು ನಮ್ಮ ದಡಕ್ಕೆ ಬಂದು, ನಿಮ್ಮ ಐಸೆಲಿನ್ ಇರೋ ಇದೇ ವುಡ್‌ಬ್ರಿಜ್ ಟೌನ್‌ಶಿಪ್ ನ್ಯೂಯಾರ್ಕ್ ಮೇಲೆ ಕೋರ್ಟಿಗೆ ಹೋಯ್ತು. 2001ರ ಮಾರ್ಚಲ್ಲಿ ಮುಚ್ಚಿದ್ರು, ಸೆಪ್ಟೆಂಬರಲ್ಲಿ ಟ್ವಿನ್ ಟವರ್ಸ್ ಅವಶೇಷ ಜಾಲಾಡೋಕೆ ಮತ್ತೆ ತೆರೆದ್ರು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮನಸ್ಸು ಭಾರ ಆಗತ್ತೆ.

ನೀರುಮಣ್ಣು:
ನಾನು ಪರಿಸರ ಇಂಜಿನಿಯರಿಂಗ್ ಓದಿದೋಳು. ಕಿಲ್ ಅಂದ್ರೆ ಡಚ್ ಭಾಷೇಲಿ ತೊರೆ, ಉಬ್ಬರ ಇಳಿತದ ಜೌಗಿನ ಮೇಲೇ ಕಸ ಸುರಿದಿದ್ದು, ಕೆಳಗೆ ಶೀಟ್ ಕೂಡ ಹಾಸಿರ್ಲಿಲ್ಲ. ಆಮೇಲೆ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಮಣ್ಣು ಹಾಕಿದ್ರು, ಮಳೆ ನೀರು ಒಳಗೆ ಇಳೀದಂಗೆ. ಕಸ ಕೊಳೆತು ಇಳಿಯೋ ಕಪ್ಪು ನೀರನ್ನ, ಲೀಚೇಟ್ ಅಂತಾರಲ್ಲ, ಹಿಡಿದು ಟ್ರೀಟ್ ಮಾಡ್ತಾರೆ, ಕಸದಿಂದ ಏಳೋ ಮೀಥೇನ್ ಅನಿಲ ಪೈಪಲ್ಲಿ ಎಳೀತಾರೆ. ಕೆಲಸ ಚೆನ್ನಾಗೇ ಮಾಡಿದಾರೆ, ಆದ್ರೆ ಕಸ ಅಲ್ಲೇ ಇದೆ.

ಆದ್ರೆ ಏಡಿ ವಿಷಯಕ್ಕೆ ಗುಡ್ಡ ಒಂದನ್ನೇ ಬೈದ್ರೆ ತಪ್ಪಾಗತ್ತೆ. ನೆವಾರ್ಕಲ್ಲಿ ಪಸಾಯಿಕ್ ನದಿ ದಡದ ಒಂದು ಕಾರ್ಖಾನೇಲಿ ವಿಯೆಟ್ನಾಂ ಯುದ್ಧದಲ್ಲಿ ಬಳಸಿದ ಏಜೆಂಟ್ ಆರೆಂಜ್ ಅನ್ನೋ ಕಳೆನಾಶಕ ಮಾಡ್ತಿದ್ರು, ಅದರ ಡಯಾಕ್ಸಿನ್ ಅನ್ನೋ ವಿಷ ಕೆಸರಲ್ಲಿ ಕೂತು ಉಬ್ಬರದ ಜೊತೆ ಇಲ್ಲಿ ತನಕ ಓಡಾಡತ್ತೆ. ಅದಕ್ಕೇ ಆರ್ಥರ್ ಕಿಲ್ ಸೇರಿ ನೆವಾರ್ಕ್ ಬೇ ಅನ್ನೋ ಕೊಲ್ಲಿ ಸುತ್ತ ನೀಲಿ ಏಡಿ ಹಿಡಿಯೋದನ್ನೇ ನ್ಯೂಜೆರ್ಸಿ ನಿಷೇಧಿಸಿದೆ. ಬೇಯಿಸಿದ್ರೆ ಡಯಾಕ್ಸಿನ್ ಹೋಗಲ್ಲ ಅಕ್ಕ, ಚಿಪ್ಪಿನೊಳಗಿನ ಆ ಹಳದಿ ಭಾಗದಲ್ಲೇ ಜಾಸ್ತಿ ಸೇರಿರತ್ತೆ, ನಮ್ಮೋರು ಚೀಪಿ ತಿನ್ನೋದೂ ಅದನ್ನೇ.

ಏಡಿಪ್ರಿಯೆ:
ಅಯ್ಯೋ, ಕೇಳಿದ್ದು ಒಳ್ಳೇದಾಯ್ತು, ಹಳದಿ ಅಂದ್ರೆ ಮಗಳಿಗೆ ಜೀವ. ಶನಿವಾರ ದಡದಲ್ಲಿ ಬಲೆ ಹಾಕ್ಕೊಂಡು ಕೂತಿರೋರಿಗೂ ಹೇಳ್ತೀನಿ.